ಅಪ್‌ಡೇಟ್: ಮಿಶ್ರಣ, ದ್ರಾವಣದ ಪ್ರಯೋಗ ಮಾಡ್ಸಿದ್ವಿ
ಲ್ಯಾಬ್ ಇಲ್ದೆ ಆರನೇ ಕ್ಲಾಸ್ ಮಕ್ಕಳಿಗೆ ಮಿಶ್ರಣ, ದ್ರಾವಣದ ವ್ಯತ್ಯಾಸ ಹೆಂಗೆ ತೋರಿಸ್ಲಿ ಅಂತ ಕೇಳಿದ್ನಲ್ಲ, ದಾವಣಗೆರೆ ಹತ್ರದ ನಮ್ಮ ಶಾಲೇಲಿ ಹೋದ ವಾರ ಮಾಡ್ಸಿದ್ವಿ. ಒಂದು ಗ್ಲಾಸಿಗೆ ಉಪ್ಪು, ಇನ್ನೊಂದಕ್ಕೆ ಎರಡು ಹನಿ ಹಾಲು ಹಾಕಿ, ಕಿಟಕಿ ಮುಚ್ಚಿ ಟಾರ್ಚ್ ಬಿಟ್ರೆ ಉಪ್ಪುನೀರಲ್ಲಿ ಬೆಳಕಿನ ದಾರೀನೇ ಕಾಣಲ್ಲ, ಹಾಲಿನ ನೀರಲ್ಲಿ ಗೆರೆ ಎಳ್ದಂಗೆ ಕಾಣ್ತೈತೆ, ತೇಲೋ ಸಣ್ಣ ಕಣಗಳು ಬೆಳಕನ್ನ ಚದುರಿಸೋದು, ಟಿಂಡಲ್ ಪರಿಣಾಮ ಅಂದ್ರೆ ಇದೇ. ನೀರಿಗೆ ಹಾಕಿದ ಹೊಲದ ಎರೆಮಣ್ಣು ಮಾತ್ರ ಬೇಗ ತಳ ಸೇರಲ್ಲ, ಕಣ ಅಷ್ಟು ಸಣ್ಣವು, ಪಟಕ (ಆಲಂ) ತಿರುವಿದ ಮೇಲೇನೇ ಕೂತ್ಕೊಂತು. ಉಪ್ಪು 100 ಎಂಎಲ್ ನೀರಲ್ಲಿ ಸುಮಾರು 36 ಗ್ರಾಂ ಅಷ್ಟೇ ಕರಗೋದು, ಸಕ್ಕರೆ ಆದ್ರೆ 200 ಗ್ರಾಂ ಹತ್ರ ಹೋಗುತ್ತೆ, ಇದು ಮಕ್ಕಳಿಗೆ ನಂಬೋಕೇ ಆಗ್ಲಿಲ್ಲ. ಬಟ್ಟೇಲಿ ಸೋಸಿದ್ರೂ ಉಪ್ಪು ಯಾಕೆ ನಿಲ್ಲಲ್ಲ ಅಂತ ಅವರಾಗೇ ಕೇಳಿದ್ರು ನೋಡಿ, ನಂಗೆ ಅದೇ ದೊಡ್ಡ ಖುಷಿ! ಟಾರ್ಚ್ ಐಡಿಯಾ ಕೊಟ್ಟ ಮೇಡಂಗೆ ತುಂಬಾ ಥ್ಯಾಂಕ್ಸ್.