ಸರ್ಕಾರಿ ಬಸ್ಸಿನಲ್ಲಿ ಕೈ ಮುರಿದರೆ ಕ್ಲೇಮ್ ಹಾಕುವುದು ತಪ್ಪೇ?

ಕಲ್ಪತರು, ತಿಪಟೂರು: ನನ್ನ ತಾಯಿಗೆ 48 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಾಲ್ಕು ತಿಂಗಳ ಹಿಂದೆ ಅವರಿದ್ದ ಸರ್ಕಾರಿ ಬಸ್ ರಾತ್ರಿ ಹೊತ್ತು ರಸ್ತೆ ಬದಿ ನಿಂತಿದ್ದ ಲಾರಿಗೆ ಗುದ್ದಿತು. ಅಮ್ಮನ ಬಲ ಮೊಣಕೈ ಮುರಿಯಿತು, ಪ್ಲೇಟ್ ಹಾಕಿದ್ದಾರೆ. ಆಸ್ಪತ್ರೆಗೆ ಬಂದ ಡಿಪೊದವರು ಬಿಲ್ಲಿನ ಒಂದು ಪಾಲು ಕಟ್ಟಿ, ‘ದೂರು ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಈಗ ಕೈ ಪೂರ್ತಿ ಮಡಚಲು ಬರುತ್ತಿಲ್ಲ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಆಗಿದ್ದರಿಂದ ಏನೂ ಸಿಗುವುದಿಲ್ಲ ಎಂದು ನೆಂಟರು ಹೇಳುತ್ತಿದ್ದಾರೆ. ನಿಜವೇ?

ತೆರಿಗೆದಾರ: ಬಿಲ್ ಕಟ್ಟಿದ್ದಾರೆ, ನೀವೂ ಒಪ್ಪಿ ಸಹಿ ಹಾಕಿದ್ದೀರಿ. ನಷ್ಟದಲ್ಲಿರುವ ಸಂಸ್ಥೆಯಿಂದ ಮತ್ತೆ ಲಕ್ಷಗಟ್ಟಲೆ ಕೇಳಿದರೆ ಆ ಹಣ ಬರುವುದು ನಮ್ಮ ಜೇಬಿನಿಂದಲೇ. ಉಚಿತ ಪ್ರಯಾಣಕ್ಕೂ ಒಂದು ಮಿತಿ ಇರಬೇಕು.

ವಕೀಲ, ಹಾಸನ: ಟಿಕೆಟ್ ದರಕ್ಕೂ ಪರಿಹಾರಕ್ಕೂ ಸಂಬಂಧವಿಲ್ಲ. ರಸ್ತೆ ದಾಟುವಾಗ ಬಸ್ ತಗುಲಿದವರ ಬಳಿ ಯಾವ ಟಿಕೆಟ್ ಇರುತ್ತದೆ? ಅವರಿಗೂ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಹಕ್ಕಿದೆ. ‘ದೂರು ಇಲ್ಲ’ ಎಂದು ಬರೆದುಕೊಟ್ಟ ಮಾತ್ರಕ್ಕೆ ನಿಮ್ಮ ತಾಯಿಯ ಹಕ್ಕು ಮುಗಿಯುವುದಿಲ್ಲ. ಎದುರು ವಕೀಲರು ಅದನ್ನು ಎತ್ತಿ ತೋರಿಸುತ್ತಾರೆ, ಅಷ್ಟೇ. ಯಾವ ಸ್ಥಿತಿಯಲ್ಲಿ ಸಹಿ ಮಾಡಿಸಿಕೊಂಡರು ಎಂಬುದನ್ನು ತಾಯಿ ಸಾಕ್ಷಿ ಹೇಳುವಾಗ ವಿವರಿಸಲಿ.

ನನಗೆ ಆತಂಕ ಇರುವುದು ದಿನಗಳ ಬಗ್ಗೆ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಆಗಿದೆ. ಅದನ್ನೇ ನೆಚ್ಚಿ ಕೂರಬೇಡಿ. ತಾಯಿ ವಾಸವಿರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು.

ನಿವೃತ್ತ ಚಾಲಕ: ತಂಗಿ, ನಿಮ್ಮ ತಾಯಿಗೆ ಪರಿಹಾರ ಸಿಗಲೇಬೇಕು. ಆದರೆ ದೂರು ಬೇಡ ಎಂದು ಡಿಪೊದವರು ಏಕೆ ಬೇಡಿಕೊಳ್ಳುತ್ತಾರೆ ಎಂಬುದೂ ಗೊತ್ತಿರಲಿ. ಕೇಸಾದರೆ ಮೊದಲು ಅಮಾನತಾಗುವವನು ಚಾಲಕ. ಸವೆದ ಟೈರು, ಹಿಡಿಯದ ಬ್ರೇಕು, ರಜೆಯಿಲ್ಲದ ಡ್ಯೂಟಿ ಯಾವುದೂ ಎಫ್‌ಐಆರ್‌ನಲ್ಲಿ ಬರುವುದಿಲ್ಲ. ‘ಅತಿವೇಗ ಮತ್ತು ನಿರ್ಲಕ್ಷ್ಯ’ ಎಂದು ಒಂದೇ ಸಾಲು ಬರುತ್ತದೆ. ಆ ಲಾರಿಗೆ ಹಿಂದಿನ ದೀಪ ಉರಿಯುತ್ತಿತ್ತೇ, ಯಾರಾದರೂ ನೋಡಿದರೇ?

ಕಲ್ಪತರು, ತಿಪಟೂರು: ದೀಪ ಇರಲಿಲ್ಲ ಎಂದು ಕಂಡಕ್ಟರ್ ಅವತ್ತೇ ಹೇಳಿದ್ದರು. ಚಾಲಕರಿಗೂ ಎದೆಗೆ ಪೆಟ್ಟಾಗಿತ್ತು. ಅವರ ಮೇಲೆ ನಮಗೆ ಕೋಪವಿಲ್ಲ. ಅದಕ್ಕೇ ಅಮ್ಮ ಸಹಿ ಹಾಕಿದ್ದು.

ವಕೀಲ, ಹಾಸನ: ಹಾಗಾದರೆ ಲಾರಿಯ ಮಾಲೀಕರನ್ನೂ ಅದರ ವಿಮಾ ಕಂಪನಿಯನ್ನೂ ಪ್ರತಿವಾದಿಗಳಾಗಿ ಸೇರಿಸಲೇಬೇಕು. ಬಸ್ಸಿನವರು ಲಾರಿಯ ಕಡೆ, ಲಾರಿಯವರು ಬಸ್ಸಿನ ಕಡೆ ಕೈ ತೋರಿಸುತ್ತಾರೆ. ಎರಡೂ ಕಡೆ ತಪ್ಪಿದ್ದರೆ ಪ್ರಯಾಣಿಕರು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಚಾಲಕರ ಪರ ಮಾತಾಡಿದ ಅಣ್ಣನವರ ಮಾತು ನ್ಯಾಯವಾದದ್ದು. ಮೋಟಾರು ವಾಹನ ನಿರೀಕ್ಷಕರ ವರದಿ ಇದ್ದರೆ ಅದರ ಪ್ರತಿ ಪಡೆಯಿರಿ. ಬ್ರೇಕಿನ ಸ್ಥಿತಿ ಅದರಲ್ಲಿ ಬರುತ್ತದೆ.

ತೆರಿಗೆದಾರ: ತಪ್ಪು ಯಾರದೇ ಇರಲಿ, ಮೊಣಕೈ ಮುರಿತಕ್ಕೆ ಎಷ್ಟು ಕೇಳುತ್ತೀರಿ? ಮೂಳೆ ಕೂಡಿದ ಮೇಲೂ ‘ಶಾಶ್ವತ ಅಂಗವೈಕಲ್ಯ’ ಎಂದು ಬರೆಸಿಕೊಳ್ಳುವವರನ್ನು ನಾನೇ ನೋಡಿದ್ದೇನೆ.

ವಕೀಲ, ಹಾಸನ: ಸುಳ್ಳು ಪ್ರಮಾಣಪತ್ರ ತರುವವರು ಇದ್ದಾರೆ, ಒಪ್ಪುತ್ತೇನೆ. ವೈದ್ಯರನ್ನು ಪಾಟೀಸವಾಲಿಗೆ ಕರೆಸುವುದು ಅದಕ್ಕಾಗಿಯೇ. ಆದರೆ ನಿಜವಾಗಿ ನೊಂದವರಿಗೆ ಎಷ್ಟು ಕಡಿಮೆ ಸಿಗುತ್ತದೆ ಎಂಬುದನ್ನೂ ಕೇಳಿ. ತಾಯಿಯ ದುಡಿಮೆ ತಿಂಗಳಿಗೆ 12,000 ಎಂದಿಟ್ಟುಕೊಳ್ಳೋಣ. 46ರಿಂದ 50ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 13. ವೈದ್ಯರು ಇಡೀ ದೇಹಕ್ಕೆ ಶೇ 15 ಊನ ಎಂದು ಬರೆದು, ಅದನ್ನೇ ಹಿಡಿದರೆ ಮುಂದಿನ ಆದಾಯ ನಷ್ಟ 2,80,800 ರೂಪಾಯಿ. ಹೊಲಿಗೆಯವರಿಗೆ ಬಲಗೈ ಹೋದರೆ ದುಡಿಮೆಯಲ್ಲಿ ಶೇ 40 ಹೋಗುತ್ತದೆ ಎಂದು ಸಾಬೀತಾದರೆ ಅದೇ ಲೆಕ್ಕ 7,48,800 ಆಗುತ್ತದೆ. ದೇಹದ ಊನ ಬೇರೆ, ಗಳಿಕೆಯ ಊನ ಬೇರೆ ಎಂಬುದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ಪ್ರಕರಣದಿಂದ ನೆಲೆಗೊಂಡಿರುವ ತತ್ವ. ಹೊಲಿಗೆಯ ಗಿರಾಕಿಗಳಿಬ್ಬರನ್ನು ಸಾಕ್ಷಿಗೆ ಕರೆತನ್ನಿ.

ಕೋಲಾರದವಳು: ತೀರ್ಪು ಬಂದರೆ ಸಾಕೆಂದುಕೊಳ್ಳಬೇಡಿ. ನನ್ನ ಗಂಡನ ಕಾಲಿನ ಪ್ರಕರಣದಲ್ಲಿ ಆದೇಶವಾದ ಮೇಲೂ ಹಣ ಬರಲಿಲ್ಲ. ಆದೇಶ ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟಿನ ಅಮೀನರು ನಿಲ್ದಾಣಕ್ಕೆ ಹೋಗಿ ಬಸ್ಸನ್ನೇ ಜಪ್ತಿ ಮಾಡಿದ ಮೇಲೆ ಚೆಕ್ ಬಂತು.

ತೆರಿಗೆದಾರ: ಆ ಬಸ್ಸಿಗೆ ಕಾದಿದ್ದ ಜನ ಏನು ಪಾಪ ಮಾಡಿದ್ದರು?

ಕೋಲಾರದವಳು: ಏನೂ ಮಾಡಿರಲಿಲ್ಲ. ನನ್ನ ಗಂಡನೂ ಅದೇ ನಿಲ್ದಾಣದಲ್ಲಿ ಬಸ್ಸಿಗೆ ಕಾದು ಹತ್ತಿದವರೇ. ಆದೇಶದ ದಿನವೇ ಹಣ ಠೇವಣಿ ಇಟ್ಟಿದ್ದರೆ ಬಸ್ ಯಾಕೆ ನಿಲ್ಲುತ್ತಿತ್ತು? ನಮಗೆ ಸೇರಬೇಕಿದ್ದ ಹಣಕ್ಕೆ ಬಡ್ಡಿ ಬೆಳೆಯಿತು. ಅದೂ ನಿಮ್ಮ ತೆರಿಗೆಯೇ ಅಲ್ಲವೇ?

ತೆರಿಗೆದಾರ: ಬಡ್ಡಿಯ ಮಾತು ಒಪ್ಪುತ್ತೇನೆ. ಕೊಡಲೇಬೇಕಾದದ್ದನ್ನು ಬೇಗ ಕೊಟ್ಟರೆ ಎಲ್ಲರಿಗೂ ಅಗ್ಗ. ಜಪ್ತಿಯನ್ನು ಮಾತ್ರ ಒಪ್ಪಲಾರೆ.

ಕಲ್ಪತರು, ತಿಪಟೂರು: ಪೊಲೀಸ್ ದೂರನ್ನೇ ಕೊಟ್ಟಿಲ್ಲವಲ್ಲ, ವಕೀಲರೇ. ಈಗ ಹೋದರೆ ತೆಗೆದುಕೊಳ್ಳುತ್ತಾರೆಯೇ?

ವಕೀಲ, ಹಾಸನ: ಮೊದಲು ಠಾಣೆಯಲ್ಲಿ ವಿಚಾರಿಸಿ. ಬೇರೆ ಗಾಯಾಳುಗಳು ದೂರು ಕೊಟ್ಟು ಎಫ್‌ಐಆರ್ ಆಗಿರಲೂಬಹುದು. ಆಗಿರದಿದ್ದರೆ ತಡವೇಕೆ ಆಯಿತೆಂದು ವಿವರಿಸಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಆಸ್ಪತ್ರೆಯ ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ನಮೂದು, ಗಾಯದ ಪ್ರಮಾಣಪತ್ರ, ಮೂಲ ಬಿಲ್ಲು, ಎಕ್ಸ್‌ರೇ, ಆ ಟಿಕೆಟ್ ಎಲ್ಲವನ್ನೂ ಜೋಡಿಸಿಡಿ.

ನಿವೃತ್ತ ಚಾಲಕ: ದೂರಿನಲ್ಲಿ ಲಾರಿಯ ದೀಪದ ವಿಷಯವನ್ನು ಮರೆಯದೆ ಬರೆಯಿರಿ, ತಂಗಿ.