‘ಗಾಳಿ ಹಿಡಿಯಿತು’: ದೋಣಿಗೋ, ಮನುಷ್ಯನಿಗೋ?

ನಮಸ್ಕಾರ.

ಒಂದು ಮಾತಿನ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು. ‘ಗಾಳಿ ಹಿಡಿ’ ಎನ್ನುವುದನ್ನು ಹಾಯಿ ದೋಣಿಯ ವಿಷಯದಲ್ಲಿ ಬಳಸಬಹುದಾ? ಬಳಸಿದರೆ ವಾಕ್ಯ ಹೇಗಿರಬೇಕು?

ಇದು ಎಲ್ಲಿಂದ ಶುರುವಾಯಿತು ಅಂತ ಹೇಳುತ್ತೇನೆ. ನನ್ನ ತಂಗಿಯ ಮಗನಿಗೆ 11 ವರ್ಷ. ಈ ಚಳಿಗಾಲದಲ್ಲಿ ಮಂಗಳೂರಿನ ಫಲ್ಗುಣಿ ನದಿಯಲ್ಲಿ, ಸುಲ್ತಾನ್ ಬತ್ತೇರಿಯಿಂದ ಹಳೆ ಬಂದರಿನ ಕಡೆಗೆ ಹೋಗುವ ನೀರಿನಲ್ಲಿ, ಡಿಂಗಿ ಬಿಡಲು ಕಲಿಯುತ್ತಿದ್ದಾನೆ. ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿ ಅದು. ಉದ್ದ ಸುಮಾರು 2.3 ಮೀಟರ್, ತೂಕ 35 ಕಿಲೋ, ಒಂದೇ ಹಾಯಿ, ಒಬ್ಬರೇ ಕೂರುವುದು. ಅವನಿಗೂ ಅವನ ಜೊತೆಯ ಮಕ್ಕಳಿಗೂ ಕನ್ನಡದಲ್ಲಿ ಒಂದೆರಡು ಪುಟದ ಪಾಠ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ.

ಮೊನ್ನೆ ಒಂದು ಭಾನುವಾರ ಗಾಳಿ ತೀರಾ ಕಡಿಮೆ ಇತ್ತು. ನಮ್ಮ ಕರಾವಳಿಯಲ್ಲಿ ಈ ಕಾಲದಲ್ಲಿ ಬೆಳಿಗ್ಗೆ ಮೂಡು ದಿಕ್ಕಿನಿಂದ, ನೆಲದ ಕಡೆಯಿಂದ ಸಮುದ್ರಕ್ಕೆ ಗಾಳಿ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಪಡುಗಾಳಿ ಬರುತ್ತದೆ. ಇವೆರಡರ ನಡುವೆ ಒಂದಷ್ಟು ಹೊತ್ತು ಏನೂ ಇಲ್ಲ. ಒಂದು ಎಲೆಯೂ ಅಲ್ಲಾಡುವುದಿಲ್ಲ. ಆ ಹೊತ್ತಿನಲ್ಲೇ ನಮ್ಮ ಮಾಣಿ, ಅಂದರೆ ಆ ಹುಡುಗ, ನದಿಯ ನಡುವೆ ಇದ್ದ. ಹಾಯಿ ಜೋತು ಬಿದ್ದಿತ್ತು, ನಾನು ದಡದಲ್ಲಿ ನಿಂತು ಕುಂದಾಪುರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದೆ, ಅಷ್ಟರಲ್ಲಿ ತಣ್ಣೀರುಬಾವಿ ಕಡೆಯಿಂದ ಒಂದು ಸಣ್ಣ ಬೀಸು ಬಂತು, ದೋಣಿ ಮೆಲ್ಲಗೆ ಹೊರಟಿತು, ನಾನು ಖುಷಿಯಲ್ಲಿ ‘ಈಗ ಗಾಳಿ ಹಿಡೀತು ನೋಡು ಮಾಣಿಗೆ’ ಅಂದೆ.

ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ‘ಎಂತಾಯ್ತು ಮಾರಾಯ ಮಾಣಿಗೆ?’ ಅಂತ ಅಮ್ಮ ಗಾಬರಿಯಿಂದ ಕೇಳಿದರು.

ಅಮ್ಮನ ಗಾಬರಿಗೆ ಕಾರಣ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ‘ಅವನಿಗೆ ಗಾಳಿ ಹಿಡಿದಿದೆ’ ಅಂದರೆ ದೆವ್ವ ಹಿಡಿದಿದೆ ಅಂತಲೇ ಅರ್ಥ. ಗಾಳಿ ಸೋಕುವುದು, ಗಾಳಿ ಬಿಡಿಸುವುದು ಎಲ್ಲ ಅದೇ ಗುಂಪಿನ ಮಾತುಗಳು. ದಿನವಿಡೀ ಇದನ್ನೇ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು. ತಪ್ಪಿದ್ದದ್ದು ‘ಹಿಡಿ’ಯಲ್ಲಿ ಅಲ್ಲ, ‘ಮಾಣಿಗೆ’ ಎಂಬುದರಲ್ಲಿ. ಹುಚ್ಚು ಹಿಡಿಯಿತು, ಶೀತ ಹಿಡಿಯಿತು, ದೆವ್ವ ಹಿಡಿಯಿತು, ಇಲ್ಲೆಲ್ಲ ಮನುಷ್ಯನಿಗೆ ‘ಗೆ’ ಬರುತ್ತದೆ, ಹಿಡಿಯುವುದು ಇನ್ನೊಂದು. ಅವನು ಸಿಕ್ಕಿಬಿದ್ದವನು. ಅದೇ ‘ಹಾಯಿ ಗಾಳಿ ಹಿಡಿಯಿತು’ ಅನ್ನಿ. ಈಗ ಹಿಡಿದದ್ದು ಹಾಯಿ, ಸಿಕ್ಕಿದ್ದು ಗಾಳಿ. ಒಂದು ‘ಗೆ’ ತೆಗೆದರೆ ಯಾರು ಯಾರನ್ನು ಹಿಡಿದರು ಅನ್ನುವುದೇ ತಿರುಗಿಬಿಡುತ್ತದೆ. ಎಷ್ಟು ಚೆಂದ ಅಲ್ವಾ?

‘ಗಾಳಿ ತುಂಬಿತು’ ಅಂತ ಬರೆದು ಮುಗಿಸಬಹುದಲ್ಲ ಅಂತ ನೀವು ಕೇಳಬಹುದು. ಜೋರು ಗಾಳಿಯ ದಿನ ಅದು ಸರಿ. ಆದರೆ ಗಾಳಿ ಕಡಿಮೆ ಇರುವ ದಿನ ಹಾಯಿ ತಾನಾಗಿ ತುಂಬುವುದಿಲ್ಲ, ಮಗು ಅದನ್ನು ಹಿಡಿಯಲೇಬೇಕು. ದೋಣಿಯಲ್ಲಿ ಸ್ವಲ್ಪ ಮುಂದೆ ಕೂರಬೇಕು. ಗಾಳಿ ಹೋಗುವ ಕಡೆಗೆ ದೋಣಿಯನ್ನು ತುಸು ವಾಲಿಸಬೇಕು, ಆಗ ಹಾಯಿ ತನ್ನ ಭಾರಕ್ಕೇ ಆ ಕಡೆ ಇಳಿದು ಒಂದು ಬಾಗು ಪಡೆಯುತ್ತದೆ, ನೀರಿಗೆ ತಾಗುವ ದೋಣಿಯ ಮೈಯೂ ಕಡಿಮೆಯಾಗುತ್ತದೆ. ಚುಕ್ಕಾಣಿಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಸುಮ್ನೆ ಆಚೆ ಈಚೆ ತಿರುಗಿಸಿದರೆ ಅದು ಬ್ರೇಕಿನ ಹಾಗೆ ಕೆಲಸ ಮಾಡುತ್ತದೆ. ಜಾಗ ಬದಲಿಸುವಾಗ ಬೆಕ್ಕಿನ ಹಾಗೆ ಸರಿಯಬೇಕು, ಧಡಕ್ಕನೆ ಎದ್ದರೆ ಹಾಯಿ ಹಿಡಿದಿಟ್ಟ ಅಷ್ಟೂ ಗಾಳಿ ಚೆಲ್ಲಿಹೋಗುತ್ತದೆ. ಜೊತೆಗೆ ಕಣ್ಣು ನೀರಿನ ಮೇಲೇ ಇರಬೇಕು. ಕನ್ನಡಿಯ ಹಾಗೆ ಬಿದ್ದಿರುವ ನೀರಿನಲ್ಲಿ ದೂರದಲ್ಲೊಂದು ಕಡೆ ಕಪ್ಪಾಗಿ, ಸೀರೆಯ ನಿರಿಗೆಯ ಹಾಗೆ ಸಣ್ಣ ಸಣ್ಣ ಗೆರೆ ಎದ್ದರೆ ಅಲ್ಲಿ ಗಾಳಿ ಇಳಿದಿದೆ ಅಂತ. ಅದಕ್ಕೆ ಪಾಠದಲ್ಲಿ ‘ನಿರಿಗೆ’ ಅಂತಲೇ ಬರೆದಿದ್ದೇನೆ. ಇಷ್ಟೆಲ್ಲ ಮಾಡಿದ ಮಗುವಿಗೆ ‘ತುಂಬಿತು’ ಅಂದರೆ ಅದರ ಕೆಲಸವನ್ನೇ ಬಿಟ್ಟುಬಿಟ್ಟ ಹಾಗೆ. ಹಾಗಾಗಿ ನನಗೆ ‘ಹಿಡಿ’ಯೇ ಬೇಕು.

‘ಕಡಿಮೆ ಗಾಳಿ’ಗೂ ಒಂದು ಒಳ್ಳೆಯ ಮಾತು ಹುಡುಕಿದೆ. ಹಲವರು ‘ತಂಗಾಳಿ’ ಅನ್ನುತ್ತಾರೆ. ಆದರೆ ಅದರಲ್ಲಿರುವುದು ತಂಪು, ವೇಗವಲ್ಲ. ‘ಮಂದಮಾರುತ’ ಹಾಡಿಗೆ ಸರಿ, ದಡದಿಂದ ಕೂಗಿ ಹೇಳಲು ಆಗುವುದಿಲ್ಲ. ‘ಹಗುರ ಗಾಳಿ’ ಅಂದರೆ ಗಾಳಿಯನ್ನು ತಕ್ಕಡಿಯಲ್ಲಿ ಇಟ್ಟ ಹಾಗೆ ಕೇಳುತ್ತದೆ. 1805ರಲ್ಲಿ ಇಂಗ್ಲೆಂಡಿನ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ ಶುರುಮಾಡಿದ ಗಾಳಿಯ ಅಳತೆ ಇದೆಯಲ್ಲ, ಈಗ ಅದನ್ನು ನೆಲದ ಮೇಲೆ ಬಳಸುವ ರೀತಿ ನಮ್ಮ ಮಾತಿಗೆ ತುಂಬ ಹತ್ತಿರ. ಮೊದಲ ಮೆಟ್ಟಿಲಿನಲ್ಲಿ, ಅಂದರೆ 1ರಿಂದ 3 ನಾಟ್ ಗಾಳಿಯಲ್ಲಿ, ಹೊಗೆ ಮಾತ್ರ ವಾಲುತ್ತದೆ. ಎರಡನೆಯದು 4ರಿಂದ 6 ನಾಟ್, ಆಗ ಗಾಳಿ ಮುಖಕ್ಕೆ ತಾಗುತ್ತದೆ, ಎಲೆ ಸದ್ದು ಮಾಡುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ನಾನು ಸಂಖ್ಯೆ ಬಿಟ್ಟು ‘ಹೊಗೆ ವಾಲುವಷ್ಟು ಗಾಳಿ’, ‘ಎಲೆ ಅಲುಗುವಷ್ಟು ಗಾಳಿ’ ಅಂತ ಬರೆದೆ. ನಮ್ಮ ‘ಅಷ್ಟು’ ಇಂಥ ಕಡೆ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ.

ನಡುವೆ ಎರಡು ಮಾತು. ‘ಡಿಂಗಿ’ ಎಂಬುದು ಇಂಗ್ಲಿಷ್ ಪದ, ಬೇಡ ಅಂತ ಒಬ್ಬರು ಹೇಳಿದರು. ಅದು ಇಂಗ್ಲಿಷಿಗೆ ಹೋದದ್ದೇ ಹಿಂದಿ, ಬಂಗಾಳಿಗಳ ‘ಡಿಂಗಿ’ಯಿಂದ. ಧೈರ್ಯವಾಗಿ ಬಳಸೋಣ. ಇನ್ನೊಂದು, ‘ಹೊಳೆ ಹಾಯುವುದರಿಂದ ಹಾಯಿ ದೋಣಿಯಾ ಮಾಮ?’ ಅಂತ ಮಾಣಿಯೇ ಕೇಳಿದ. ಕೇಳಿದ್ದು ಸಹಜ. ಆದರೆ ತಮಿಳಿನ ‘ಪಾಯ್’ ಅಂದರೆ ಚಾಪೆ, ಹಾಯಿ ಎರಡೂ. ಕಾಸರಗೋಡು ದಾಟಿದರೆ ಹಾಯಿ ಹಡಗಿಗೆ ‘ಪಾಯ್ಕಪ್ಪಲ್’ ಅನ್ನುತ್ತಾರೆ. ಪುಲಿ ಹುಲಿಯಾದ ಹಾಗೆ ಪಾಯ್ ನಮ್ಮಲ್ಲಿ ಹಾಯಿ ಆಗಿದೆ. ‘ಹಾಯು’ ಕ್ರಿಯಾಪದಕ್ಕಿಂತ ಆ ಚಾಪೆಯೇ ಇದಕ್ಕೆ ಹತ್ತಿರದ ನೆಂಟ ಅಂತ ನನ್ನ ಅಭಿಪ್ರಾಯ.

ಮತ್ತೆ ‘ಹಿಡಿ’ಗೆ ಬರುತ್ತೇನೆ. ಆವತ್ತು ಇಳಿತ ಶುರುವಾಗಿತ್ತು. ನೀರು ಅಳಿವೆಯ ಕಡೆಗೆ ಎಳೆಯುತ್ತಿತ್ತು. ಇಂಥ ಹೊತ್ತಿನಲ್ಲಿ ದೋಣಿ ಗಾಳಿಗೆ ಹೋಗುತ್ತಿದೆಯೋ ನೀರಿಗೆ ಹೋಗುತ್ತಿದೆಯೋ ಅಂತ ತಿಳಿಯಲು ದಡದ ಒಂದು ಕಂಬವನ್ನೂ ಅದರ ಹಿಂದಿನ ಒಂದು ತೆಂಗಿನ ಮರವನ್ನೂ ಒಂದೇ ಸಾಲಿನಲ್ಲಿ ನೋಡುತ್ತಿರಬೇಕು. ಮಾಣಿ ಹಾಗೆ ನೋಡಿಕೊಂಡೇ, ನಿರಿಗೆಯಿಂದ ನಿರಿಗೆಗೆ ಹೋಗಿ, ಮುಕ್ಕಾಲು ಗಂಟೆಯ ಮೇಲೆ ದಡ ಸೇರಿದ. ಬಂದವನೇ ಹೇಳಿದ್ದು ‘ಮಾಮ, ನನಗೆ ಕಡೆಗೂ ಗಾಳಿ ಸಿಕ್ತು!’

‘ನನಗೆ’ ಅಂದ. ಅಲ್ಲೂ ‘ಗೆ’ ಇದೆ. ಆದರೆ ದೆವ್ವದ ಸುಳಿವಿಲ್ಲ. ನಮ್ಮ ಮೀನುಗಾರರು ಬಲೆ ಬೀಸಿ ಮೀನು ಹಿಡಿಯುತ್ತಾರೆ, ಆಮೇಲೆ ‘ಮೀನು ಸಿಕ್ಕಿತು’ ಅನ್ನುತ್ತಾರಲ್ಲ, ಅದೇ ಜೋಡಿ. ಹಿಡಿಯುವುದು ನಮ್ಮ ಪ್ರಯತ್ನ, ಸಿಕ್ಕುವುದು ಫಲ. ಪಾಠದಲ್ಲಿ ಮಕ್ಕಳಿಗೆ ಹೇಳುವಾಗ ‘ನಿರಿಗೆ ನೋಡು, ಗಾಳಿ ಹಿಡಿ’ ಅಂತ, ಆದದ್ದನ್ನು ಹೇಳುವಾಗ ‘ಗಾಳಿ ಸಿಕ್ಕಿತು’ ಅಂತ ಬರೆದಿದ್ದೇನೆ.

ಒಂದು ಕಡೆ ಮಾತ್ರ ಕೈ ನಿಂತಿದೆ. ‘ಗಾಳಿ ಹಿಡಿದ ದೋಣಿ ಮೊದಲು ಹೋಗಲಿ’ ಎಂಬ ವಾಕ್ಯ. ಇಲ್ಲಿ ‘ಗೆ’ಯೂ ಇಲ್ಲ, ಏನೂ ಇಲ್ಲ, ದೋಣಿ ಗಾಳಿಯನ್ನು ಹಿಡಿದದ್ದೋ ಗಾಳಿ ದೋಣಿಯನ್ನು ಹಿಡಿದದ್ದೋ ಎರಡೂ ಆಗುತ್ತದೆ. ನಿಮ್ಮ ಮನೆಯಲ್ಲಿ, ಉಳ್ಳಾಲದಿಂದ ಮಲ್ಪೆಯವರೆಗೆ ಯಾರಾದರೂ ಹಿರಿಯರು ಹಾಯಿ ದೋಣಿ ಬಿಟ್ಟವರಿದ್ದರೆ, ಅವರಿಗೆ ಈ ವಾಕ್ಯ ಓದಿ ಹೇಳಿ ದಯವಿಟ್ಟು. ಅವರ ಕಿವಿಗೆ ಮೊದಲು ಯಾವ ಅರ್ಥ ಬರುತ್ತದೆ, ಅವರಾಗಿದ್ದರೆ ಇದನ್ನು ಹೇಗೆ ಹೇಳುತ್ತಿದ್ದರು ಅಂತ ಬರೆಯಿರಿ. ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಹೇಳಿದರೂ ಹಾಗೇ ಬರೆದು ಕಳಿಸಿ.