ಪುಟ್ಟಿ ಟ್ಯೂಬಿಂಗೆನ್‌ಗೆ ತಲುಪುವ ದಾರಿ

ಸುಮಕ್ಕಾ, ಪುಟ್ಟಿ ಓದಲು ಜರ್ಮನಿಯ ಟ್ಯೂಬಿಂಗೆನ್‌ಗೆ ಒಬ್ಬಳೇ ಹೊರಟಿದ್ದಾಳೆ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಏನು ಮಾಡಬೇಕು ಅಂತ ಕೇಳಿದ್ದೀಯಲ್ಲ. ಹೋದ ವರ್ಷ ಮಗನನ್ನು ಅಲ್ಲಿಗೇ ಬಿಟ್ಟು ಬಂದೆವು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಪುಟ್ಟಿಗೂ ಕೇಳಿಸು.

ಭಾವ ಏರ್‌ಪೋರ್ಟಿನಿಂದಲೇ ಟ್ಯಾಕ್ಸಿ ಮಾಡೋಣ ಅಂದರಲ್ಲ, ಅದು ಬೇಡ. 200 ಕಿಲೋಮೀಟರಿಗೂ ಜಾಸ್ತಿ ದೂರ, ಸುಮ್ನೆ ದುಡ್ಡು ದಂಡ. ಏರ್‌ಪೋರ್ಟಿನಲ್ಲೇ ರೈಲ್ವೆ ಸ್ಟೇಷನ್ ಇದೆ. ಒಂದಲ್ಲ, ಎರಡು. ಪುಟ್ಟಿ 'ಫೆರ್ನ್‌ಬಾನ್‌ಹೋಫ್' ಅನ್ನೋ ಬೋರ್ಡು ನೋಡಿಕೊಂಡು ನಡೆಯಬೇಕು, ಅದು ದೂರದ ರೈಲುಗಳದ್ದು. 'ರೆಗಿಯೊನಾಲ್‌ಬಾನ್‌ಹೋಫ್' ಕಡೆ ಹೋಗಬಾರದು, ಅಲ್ಲಿ ಲೋಕಲ್ ಗಾಡಿಗಳು.

ಈಗ ಟಿಕೆಟ್ ವಿಷಯ. ಇದನ್ನು ಗಮನವಿಟ್ಟು ಕೇಳು. ಅಗ್ಗದ ಟಿಕೆಟ್ಟಿಗೆ ಶ್ಪಾರ್‌ಪ್ರೈಸ್ ಅಂತಾರೆ. ಅದು ಒಂದೇ ರೈಲಿಗೆ ಕಟ್ಟಿಹಾಕಿದ ಟಿಕೆಟ್. ನಾನು ಎರಡು ತಿಂಗಳು ಮುಂಚೆಯೇ ಅದನ್ನು ತೆಗೆದು ಖುಷಿಪಟ್ಟಿದ್ದೆ. ನಮ್ಮ ವಿಮಾನ ಎರಡೂವರೆ ಗಂಟೆ ತಡವಾಯಿತು. ಪ್ಲಾಟ್‌ಫಾರ್ಮಿಗೆ ಓಡಿ ಬಂದು ನೋಡಿದರೆ ನಮ್ಮ ರೈಲು ಬೋರ್ಡಿನ ಮೇಲೇ ಇಲ್ಲ. ಮಗ ಸೂಟ್‌ಕೇಸಿನ ಹಿಡಿ ಬಿಡದೆ, ಮಾತಾಡದೆ ನಿಂತಿದ್ದ. ಆ ಮುಖ ಈಗಲೂ ಕಣ್ಣಮುಂದಿದೆ. ವಿಮಾನ ತಡವಾದರೆ ರೈಲಿನವರಿಗೆ ಸಂಬಂಧ ಇಲ್ಲ, ಇಬ್ಬರಿಗೂ ಮತ್ತೆ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದೆ. ಆದ್ದರಿಂದ ಪುಟ್ಟಿಗೆ ಫ್ಲೆಕ್ಸ್‌ಪ್ರೈಸ್ ತೆಗೆಸು, ಟ್ಯೂಬಿಂಗೆನ್‌ವರೆಗೂ ಒಂದೇ ಟಿಕೆಟ್. ಬೆಲೆ ಜಾಸ್ತಿ, ನಿಜ. ಆದರೆ ಯಾವ ರೈಲು ತಪ್ಪಿದರೂ ಮಗು ಮುಂದಿನದಕ್ಕೆ ನೆಮ್ಮದಿಯಿಂದ ಹತ್ತಬಹುದು, ಅಲ್ವಾ?

ಏರ್‌ಪೋರ್ಟಿನ ಸ್ಟೇಷನ್ನಿನಿಂದ ಸ್ಟುಟ್‌ಗಾರ್ಟ್‌ಗೆ ನೇರ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅಲ್ಲಿ ಇಳಿದು ಟ್ಯೂಬಿಂಗೆನ್ ರೈಲು ಹಿಡಿಯಬೇಕು, ಇನ್ನೊಂದು ಗಂಟೆಯ ಒಳಗೆ ಊರು ಬರುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಹೊಸ ಸ್ಟೇಷನ್ ಕಟ್ಟುವ ಕೆಲಸ ವರ್ಷಗಳಿಂದ ನಡೆದಿದೆ. ಪ್ಲಾಟ್‌ಫಾರ್ಮ್ ನಂಬರನ್ನು ಅಲ್ಲೇ ಬೋರ್ಡಿನಲ್ಲಿ ನೋಡಿಕೊಳ್ಳಲಿ.

ಸಾಮಾನು ಹೊರಲು ಅಲ್ಲಿ ಕೂಲಿಯವರು ಸಿಗುವುದಿಲ್ಲ. ಎರಡು ಸೂಟ್‌ಕೇಸ್ ತುಂಬಿಸಿ, ನಿಮ್ಮ ಮನೆ ಮೆಟ್ಟಿಲ ಮೇಲೆ ಅವಳೇ ಎತ್ತಿ ನೋಡಲಿ. ಆಗದಿದ್ದರೆ ಉಪ್ಪಿನಕಾಯಿ ಡಬ್ಬಿಗಳನ್ನು ತೆಗೆದಿಡು, ಆಮೇಲೆ ಯಾರಾದರೂ ಹೋಗುವವರ ಕೈಲಿ ಕಳಿಸೋಣ.

ಟ್ಯಾಕ್ಸಿ ಬೇಕಾಗುವುದು ಕೊನೆಗೆ ಮಾತ್ರ. ಹಾಸ್ಟೆಲ್ ವಾಲ್ಡ್‌ಹೊಯ್ಸರ್ ಓಸ್ಟ್ ಅಂದೆಯಲ್ಲ, ಅದು ಗುಡ್ಡದ ಮೇಲೆ. ಬಸ್ಸೂ ಹೋಗುತ್ತದೆ. ಆದರೆ ನಿದ್ದೆಗೆಟ್ಟು ಬಂದ ಮಗು ಆ ಸಾಮಾನು ಹಿಡಿದು ಬಸ್ಸು ಹತ್ತುವುದು ಬೇಡ. ಸ್ಟೇಷನ್ ಮುಂದೆಯೇ ಟ್ಯಾಕ್ಸಿ ನಿಂತಿರುತ್ತವೆ. ಕೈಯಲ್ಲಿ ಸ್ವಲ್ಪ ಯೂರೋ ನೋಟು ಇರಲಿ.

ಇನ್ನೊಂದು ಮಾತು, ಆ ಊರು ನಮಗೆ ಹೊರಗಿನದಲ್ಲ ಅಕ್ಕ. ಕನ್ನಡ ನಿಘಂಟು ಮಾಡಿದ ಕಿಟೆಲ್ ಕೊನೆಗಾಲ ಕಳೆದದ್ದು ಅಲ್ಲೇ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಪುಟ್ಟಿ ಸೇರುತ್ತಿರುವ ವಿಶ್ವವಿದ್ಯಾಲಯವೇ. ಅವಳಿಗೆ ಇದನ್ನು ಮರೆಯದೆ ಹೇಳು.

ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ ತಾನೇ? ಸೋಮವಾರದಿಂದ ಗುರುವಾರದ ಒಳಗೆ ತಲುಪುವ ಹಾಗೆ ನೋಡು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಸ್ಟೆಲ್ ಬೀಗದ ಕೈ ಕೊಡುವವರೂ ಸಿಗುವುದು ಕಷ್ಟ. ರಾತ್ರಿ ಊಟವಾದ ಮೇಲೆ ಫೋನ್ ಮಾಡುತ್ತೇನೆ, ಪುಟ್ಟಿಯನ್ನೂ ಕೂರಿಸಿಕೋ, ಒಟ್ಟಿಗೆ ತಾರೀಖು ನೋಡೋಣ.